ಕರ್ಪೂರದಿಂದ ಅಜೈಡ್‌ವರೆಗೆ: ಮೈಸೂರಿನಲ್ಲಿ ಕೊನೆಯ ದಿನಗಳನ್ನು ಕಳೆದ ಒಬ್ಬ ರಸಾಯನಶಾಸ್ತ್ರಜ್ಞರ ಬಗ್ಗೆ ಬಹಿರಂಗ ಪತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಗೆ ಮತ್ತು ಅದನ್ನು ಬೋಧಿಸುವ ಅಧ್ಯಾಪಕರಿಗೆ,



ಮಾರ್ಟಿನ್ ಆನ್‌ಸ್ಲೋ ಫಾರ್ಸ್ಟರ್ 1872ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಹುಟ್ಟಿ, 1945ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಸಾವಯವ ರಸಾಯನಶಾಸ್ತ್ರಜ್ಞ. 1922ರಿಂದ 1933ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರಿಂದ ಆ ಹುದ್ದೆ ವಹಿಸಿಕೊಂಡವರು ಸಿ.ವಿ. ರಾಮನ್. ಹೀಗಾಗಿ ಫಾರ್ಸ್ಟರ್ ಹೆಸರು ಎಲ್ಲಿಯಾದರೂ ಕಾಣಿಸಿಕೊಂಡರೆ ರಾಮನ್ನರಿಗಿಂತ ಹಿಂದಿನ ಆಡಳಿತಗಾರ ಎಂಬಷ್ಟಕ್ಕೇ ನಿಂತುಬಿಡುತ್ತದೆ. ಅವರು ಬೆಂಗಳೂರಿಗೆ ಬರುವ ಮೊದಲೇ ಸಂಶ್ಲೇಷಣಾ ರಸಾಯನಶಾಸ್ತ್ರದಲ್ಲಿ ಎರಡು ಗಟ್ಟಿ ಕೆಲಸಗಳನ್ನು ಮಾಡಿ ಮುಗಿಸಿದ್ದರು. ಅವೆರಡೂ ಇಂದಿಗೂ ಬಳಕೆಯಲ್ಲಿವೆ. ಹುಣಸೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿಯಷ್ಟು ದೂರದ ಊರಿನಲ್ಲಿ ಬದುಕಿ ಮಡಿದ ಈ ವ್ಯಕ್ತಿಯ ರಸಾಯನಶಾಸ್ತ್ರ ಈ ಸೀಮೆಯ ತರಗತಿಗಳಿಗೆ ತಿಳಿದಿರಬೇಕು.

ಫಾರ್ಸ್ಟರ್ ಮೊದಲು ಓದಿದ್ದು ಲಂಡನ್ನಿನ ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜಿನಲ್ಲಿ. ಅದು ಕೈಗಾರಿಕೆಗೆ ಬೇಕಾದ ವಿಜ್ಞಾನವನ್ನು ಕಲಿಸುತ್ತಿದ್ದ ಕಾಲೇಜು. ಅಲ್ಲಿಂದ ಜರ್ಮನಿಯ ವುರ್ಟ್ಸ್‌ಬುರ್ಗ್‌ಗೆ ಹೋಗಿ ಎಮಿಲ್ ಫಿಶರ್ ಅವರ ಬಳಿ ಡಾಕ್ಟರೇಟ್ ಪಡೆದರು. ಸಕ್ಕರೆಗಳ ಅಣುರಚನೆಯನ್ನು ಬಿಡಿಸಿದ ಅದೇ ಫಿಶರ್. ಆ ಕಾಲದಲ್ಲಿ ಸಂಶ್ಲೇಷಣೆ ಕಲಿಯಬೇಕೆಂದರೆ ಜರ್ಮನಿಗೇ ಹೋಗಬೇಕಿತ್ತು. ಮರಳಿ ಬಂದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿ, 1902ರಿಂದ 1913ರವರೆಗೆ ಅಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ದುಡಿದರು. 1905ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದಾಗ ಅವರಿಗಿನ್ನೂ ಮೂವತ್ತಮೂರು ತುಂಬಿರಲಿಲ್ಲ.

ಅವರು ಹಿಡಿದ ವಸ್ತು ಕರ್ಪೂರ. ದೇವರಿಗೆ ಮಂಗಳಾರತಿ ಎತ್ತುವ ಅದೇ ಕರ್ಪೂರ. ಅದರ ಸೂತ್ರ ಸರಳ: ಹತ್ತು ಇಂಗಾಲ, ಹದಿನಾರು ಜಲಜನಕ, ಒಂದು ಆಮ್ಲಜನಕ. ರಚನೆ ಮಾತ್ರ ಹತ್ತೊಂಬತ್ತನೆಯ ಶತಮಾನದ ಘಟಾನುಘಟಿಗಳನ್ನು ಕಾಡಿತು. 1893ರಲ್ಲಿ ಜರ್ಮನಿಯ ಯೂಲಿಯಸ್ ಬ್ರೆಟ್ ಸೂಚಿಸಿದ ರಚನೆ ಸರಿಯೆಂದು 1903ರಲ್ಲಿ ಫಿನ್‌ಲೆಂಡಿನ ಗುಸ್ತಾಫ್ ಕೊಂಪಾ ನಡೆಸಿದ ಸಂಶ್ಲೇಷಣೆಯಿಂದ ಖಚಿತವಾಯಿತು. ಆರು ಇಂಗಾಲಗಳ ಒಂದು ಉಂಗುರ. ಅದರ ಎರಡು ಎದುರು ಮೂಲೆಗಳನ್ನು ಏಳನೆಯ ಇಂಗಾಲ ಮೇಲಿನಿಂದ ಬಿಗಿದು ಹಿಡಿದಿದೆ. ಈ ಏಳನೆಯದರ ಮೇಲೆ ಎರಡು ಮೀಥೈಲ್ ಗುಂಪುಗಳು. ಮೂಲೆಯ ಒಂದು ಇಂಗಾಲದ ಮೇಲೆ ಮೂರನೆಯ ಮೀಥೈಲ್, ಅದರ ಪಕ್ಕದಲ್ಲೇ ಕಾರ್ಬೊನಿಲ್.

ಈ ಬಿಗಿಯಲ್ಲೇ ಕರ್ಪೂರದ ಉಪಯೋಗವಿದೆ. ಸಾಮಾನ್ಯ ಉಂಗುರಗಳು ಬಾಗುತ್ತವೆ, ಮಗುಚಿಕೊಳ್ಳುತ್ತವೆ. ಕರ್ಪೂರದ ಚೌಕಟ್ಟು ಅಲುಗುವುದಿಲ್ಲ. ಹೊರಗಿನಿಂದ ಬರುವ ಕಾರಕಕ್ಕೆ ಕಾರ್ಬೊನಿಲ್‌ನ ಎರಡು ಮುಖಗಳೂ ಒಂದೇ ಅಲ್ಲ. ಮೇಲಿನ ಮುಖಕ್ಕೆ ಆ ಎರಡು ಮೀಥೈಲ್‌ಗಳು ಅಡ್ಡ ನಿಂತಿವೆ. ಪದವಿ ಪ್ರಯೋಗಾಲಯದಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಕರ್ಪೂರವನ್ನು ಮೆಥನಾಲ್‌ನಲ್ಲಿ ಕರಗಿಸಿ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಹೈಡ್ರೈಡ್ ಕೆಳಮುಖದಿಂದ ನುಗ್ಗುತ್ತದೆ. ಹೀಗಾಗಿ ಸಿಗುವ ಎರಡು ಆಲ್ಕೊಹಾಲ್‌ಗಳಲ್ಲಿ ಐಸೊಬೋರ್ನಿಯಾಲ್‌ನದ್ದೇ ಸಿಂಹಪಾಲು, ಬೋರ್ನಿಯಾಲ್ ಸ್ವಲ್ಪ. ಕರ್ಪೂರದ ಮರದಿಂದ ತೆಗೆದ ಕರ್ಪೂರ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಎಥನಾಲ್‌ನಲ್ಲಿ ಅದರ ವಿಶಿಷ್ಟ ಭ್ರಮಣ ಸುಮಾರು 44 ಡಿಗ್ರಿ. ಟರ್ಪೆಂಟೈನಿನ ಪೈನೀನ್‌ನಿಂದ ಕಾರ್ಖಾನೆಯಲ್ಲಿ ತಯಾರಾಗುವ ಕರ್ಪೂರದಲ್ಲಿ ಬಲಗೈ, ಎಡಗೈ ಅಣುಗಳು ಸಾಮಾನ್ಯವಾಗಿ ಸಮಸಮ ಬೆರೆತಿರುವುದರಿಂದ ಬೆಳಕು ತಿರುಗುವುದೇ ಇಲ್ಲ. ಪೋಲಾರಿಮೀಟರ್ ಇರುವ ಕಾಲೇಜಿನಲ್ಲಿ ಸಂತೆಯಿಂದ ತಂದ ಕರ್ಪೂರ ಯಾವುದೆಂದು ಒಂದು ಗಂಟೆಯಲ್ಲಿ ಹೇಳಬಹುದು.

ಫಾರ್ಸ್ಟರ್ ಈ ಚೌಕಟ್ಟನ್ನು ಎರಡು ದಶಕಗಳ ಕಾಲ ಕೈಬಿಡಲಿಲ್ಲ. 'ಕ್ಯಾಂಫೇನ್ ಸರಣಿಯ ಅಧ್ಯಯನಗಳು' ಎಂಬ ಹೆಸರಿನಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಭಾಗದ ಮೇಲೆ ಭಾಗ ಪ್ರಕಟಿಸುತ್ತಾ ಹೋದರು. ಕಾರ್ಬೊನಿಲ್ ಪಕ್ಕದ ಇಂಗಾಲಕ್ಕೆ ಸಾರಜನಕವನ್ನು ಜೋಡಿಸುವುದು ಈ ಕೆಲಸದ ತಿರುಳು. ಕರ್ಪೂರಕ್ಕೆ ಬಲವಾದ ಪ್ರತ್ಯಾಮ್ಲದ ಜೊತೆ ಅಮೈಲ್ ನೈಟ್ರೈಟ್ ಕೊಟ್ಟರೆ ಕಾರ್ಬೊನಿಲ್ ಪಕ್ಕದಲ್ಲಿ ಆಕ್ಸೀಮ್ ಕೂರುತ್ತದೆ, ಇದು ಐಸೊನೈಟ್ರೋಸೊಕರ್ಪೂರ. ಅದನ್ನು ಜಲವಿಭಜನೆ ಮಾಡಿದರೆ ಪಕ್ಕಪಕ್ಕದಲ್ಲಿ ಎರಡು ಕಾರ್ಬೊನಿಲ್‌ಗಳಿರುವ ಹಳದಿ ಹರಳು, ಕ್ಯಾಂಫರ್‌ಕ್ವಿನೋನ್, ಕೈಗೆ ಬರುತ್ತದೆ. ಫಾರ್ಸ್ಟರ್ ಇದರ ಹೈಡ್ರಜೋನ್‌ಗಳನ್ನೂ ಅವುಗಳ ಸಮಾಂಗಿಗಳನ್ನೂ ಬೇರ್ಪಡಿಸಿ ಗುಣಗಳನ್ನು ದಾಖಲಿಸಿದರು. ಅಂದು ಇದರಿಂದ ಯಾರಿಗೂ ಲಾಭದ ನಿರೀಕ್ಷೆ ಇರಲಿಲ್ಲ. ಇಂದು ದಂತವೈದ್ಯರು ಹುಳುಕು ಹಲ್ಲಿಗೆ ಬಿಳಿ ಸಿಮೆಂಟ್ ತುಂಬಿ ನೀಲಿ ದೀಪ ಹಿಡಿದಾಗ, ಆ ಬೆಳಕನ್ನು ಹೀರಿಕೊಂಡು ಸಿಮೆಂಟನ್ನು ಗಟ್ಟಿಯಾಗಿಸುವ ಕ್ರಿಯೆಗೆ ಚಾಲನೆ ಕೊಡುವುದು ಬಹುಪಾಲು ಇದೇ ಕ್ಯಾಂಫರ್‌ಕ್ವಿನೋನ್. ಅದರ ಹಳದಿ ಬಣ್ಣವೇ ಕಾರಣ: ನೀಲಿಯನ್ನು ಹೀರುವ ವಸ್ತು ಕಣ್ಣಿಗೆ ಹಳದಿಯಾಗಿ ಕಾಣುತ್ತದೆ.

ಎರಡನೆಯ ದೊಡ್ಡ ಕೆಲಸ ಅಜೈಡ್‌ಗಳದ್ದು. ಮೂರು ಸಾರಜನಕ ಪರಮಾಣುಗಳು ಸಾಲಾಗಿ ನಿಂತ ಗುಂಪು ಅಜೈಡ್. ಬೆಂಜೀನ್ ಉಂಗುರಕ್ಕೆ ಅದು ಅಂಟಿದ ಸಂಯುಕ್ತವನ್ನು ಪೀಟರ್ ಗ್ರೀಸ್ 1864ರಲ್ಲೇ ತಯಾರಿಸಿದ್ದರು. ಸಾಮಾನ್ಯ ಇಂಗಾಲ ಸರಪಳಿಗೆ, ಆಮ್ಲ, ಕೀಟೋನ್, ಎಸ್ಟರ್‌ಗಳಿಗೆ ಅಂಟಿದ ಅಜೈಡ್‌ಗಳ ಸಂಗತಿ ಮಾತ್ರ ಅಷ್ಟಾಗಿ ತಿಳಿದಿರಲಿಲ್ಲ. ಆ ಬಾಗಿಲನ್ನು ತೆರೆದವರು ಫಾರ್ಸ್ಟರ್ ಮತ್ತು ಅವರ ಜೊತೆಗಾರ ಹಾನ್ಸ್ ಎಡ್ವರ್ಡ್ ಫೀರ್ಟ್ಸ್. ಈ ಫೀರ್ಟ್ಸ್ ಮುಂದೆ ಜೂರಿಕ್‌ನಲ್ಲಿ ಬಣ್ಣಗಳ ರಸಾಯನಶಾಸ್ತ್ರದ ದೊಡ್ಡ ಹೆಸರಾದರು. 1908ರಲ್ಲಿ ಆರಂಭವಾದ 'ಟ್ರೈಅಜೋ ಗುಂಪು' ಎಂಬ ಸರಣಿಯ ಮೊದಲ ಭಾಗವೇ ಅಜಿಡೊಅಸಿಟಿಕ್ ಆಮ್ಲ ಮತ್ತು ಅಜಿಡೊಅಸಿಟೋನ್ ಕುರಿತದ್ದು. 1910ರಲ್ಲಿ ನ್ಯೂಮನ್ ಎಂಬ ಇನ್ನೊಬ್ಬ ಸಹೋದ್ಯೋಗಿಯ ಜೊತೆ ಸೇರಿ ವಿನೈಲ್ ಅಜೈಡನ್ನೂ ವರದಿ ಮಾಡಿದರು. ಅಜೈಡ್‌ನ ಮೂರು ಸಾರಜನಕಗಳು ತ್ರಿಕೋನವಾಗಿ ಉಂಗುರ ಕಟ್ಟಿವೆ ಎಂದೇ ಆಗ ನಂಬಲಾಗಿತ್ತು. ಅವು ಸಾಲಾಗಿವೆ ಎಂದು ಯೊಹಾನೆಸ್ ಥೀಲೆ ವಾದಿಸಿದ್ದು 1911ರಲ್ಲಿ. ರಚನೆಯ ಬಗ್ಗೆ ಒಮ್ಮತವಿಲ್ಲದ ಒಂದು ಗುಂಪನ್ನು ಹಿಡಿದು, ಶುದ್ಧವಾಗಿ ಬೇರ್ಪಡಿಸಿ, ಸಾಂದ್ರತೆ ಅಳೆದು, ವಿಶ್ಲೇಷಿಸಿ ಪ್ರಕಟಿಸುವುದು ಎಂಟೆದೆಯ ಕೆಲಸ.

ಎಂಟೆದೆ ಎಂದದ್ದು ಸುಮ್ಮನೆ ಅಲ್ಲ. ಸಣ್ಣ ಅಜೈಡ್‌ಗಳು ಬಿಸಿಗೆ, ಪೆಟ್ಟಿಗೆ ಸಿಡಿಯುತ್ತವೆ. ಸಿಡಿದಾಗ ಸಾರಜನಕ ಅನಿಲವಾಗಿ ಹೊರಬರುತ್ತದೆ. ಆ ಅನಿಲದ ಅಣು ಅತ್ಯಂತ ಸ್ಥಿರವಾದ್ದರಿಂದ ಅಪಾರ ಶಕ್ತಿ ಬಿಡುಗಡೆಯಾಗುತ್ತದೆ. ಇಂದಿನ ಪ್ರಯೋಗಾಲಯಗಳಲ್ಲಿ ಒಂದು ಲೆಕ್ಕವಿದೆ: ಅಣುವಿನಲ್ಲಿರುವ ಇಂಗಾಲ ಮತ್ತು ಆಮ್ಲಜನಕ ಪರಮಾಣುಗಳನ್ನು ಕೂಡಿಸಿ, ಸಾರಜನಕ ಪರಮಾಣುಗಳ ಸಂಖ್ಯೆಯಿಂದ ಭಾಗಿಸಬೇಕು. ಉತ್ತರ 3 ಅಥವಾ ಅದಕ್ಕಿಂತ ಹೆಚ್ಚಾದರೆ ಅಜೈಡನ್ನು ಎಚ್ಚರದಿಂದ ಬೇರ್ಪಡಿಸಿ ಇಡಬಹುದು. ಕಡಿಮೆಯಾದರೆ ಅಪಾಯ, 1ಕ್ಕಿಂತ ಕೆಳಗಿಳಿದರೆ ಶುದ್ಧ ರೂಪದಲ್ಲಿ ಬೇರ್ಪಡಿಸಲೇಬಾರದು. ಫಾರ್ಸ್ಟರ್ ಅವರ ಸಂಯುಕ್ತಗಳಿಗೆ ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. ಅಜಿಡೊಅಸಿಟೋನ್‌ನಲ್ಲಿ ಮೂರು ಇಂಗಾಲ, ಒಂದು ಆಮ್ಲಜನಕ, ಮೂರು ಸಾರಜನಕ, ಉತ್ತರ 1.33. ವಿನೈಲ್ ಅಜೈಡ್‌ನಲ್ಲಿ ಎರಡು ಇಂಗಾಲ, ಮೂರು ಸಾರಜನಕ; ಉತ್ತರ 0.67. ಕರ್ಪೂರಕ್ಕೇ ಅಜೈಡ್ ಜೋಡಿಸಿದ ಸಂಯುಕ್ತವನ್ನೂ ಇವರು ತಯಾರಿಸಿದ್ದರು. ಅಲ್ಲಿ ಹತ್ತು ಇಂಗಾಲ, ಒಂದು ಆಮ್ಲಜನಕ, ಮೂರು ಸಾರಜನಕವಿದ್ದು ಉತ್ತರ 3.67. ಕರ್ಪೂರದ ದೊಡ್ಡ ಚೌಕಟ್ಟು ಅಜೈಡ್‌ನ ಆರ್ಭಟವನ್ನು ತಗ್ಗಿಸುತ್ತದೆ. ಆದರೂ ಈ ಲೆಕ್ಕ ಕಾಗದದ ಮೇಲೇ ಇರಲಿ. ಸೋಡಿಯಂ ಅಜೈಡ್ ಘೋರ ವಿಷ, ಆಮ್ಲ ತಗುಲಿದರೆ ವಿಷಾನಿಲ ಬಿಡುತ್ತದೆ, ತಾಮ್ರ ಅಥವಾ ಸೀಸದ ಕೊಳವೆಗೆ ಸುರಿದರೆ ಸ್ಫೋಟಕವಾಗುತ್ತದೆ. ಪದವಿ ಕಾಲೇಜಿನ ಪ್ರಯೋಗಾಲಯ ಅದಕ್ಕೆ ತಕ್ಕ ಜಾಗವಲ್ಲ.

ಪಠ್ಯಗಳಲ್ಲಿ 'ಫಾರ್ಸ್ಟರ್ ಕ್ರಿಯೆ' ಎಂದು ಉಳಿದಿರುವುದು ಮೊದಲಿನ ಕರ್ಪೂರದ ಕೆಲಸದಿಂದ ಹುಟ್ಟಿದ್ದು. 1915ರ ಪ್ರಬಂಧದಲ್ಲಿ ಅವರು ಐಸೊನೈಟ್ರೋಸೊಕರ್ಪೂರಕ್ಕೆ ಕ್ಲೋರಮೀನ್ ಕೊಟ್ಟರು. ಅಮೋನಿಯಾ ಮತ್ತು ಹೈಪೊಕ್ಲೋರೈಟ್ ಬೆರೆತರೆ ಕ್ಲೋರಮೀನ್ ಅಲ್ಲೇ ಹುಟ್ಟುತ್ತದೆ. ಅದರ ಸಾರಜನಕ ಆಕ್ಸೀಮ್‌ನ ಸಾರಜನಕಕ್ಕೆ ಸೇರಿಕೊಳ್ಳುತ್ತದೆ, ನೀರು ಕಳಚಿಹೋಗುತ್ತದೆ, ಡೈಅಜೋಕೀಟೋನ್ ಉಳಿಯುತ್ತದೆ. ಈ ಡೈಅಜೋಕೀಟೋನ್‌ಗೆ ಬೆಳಕು ತಾಗಿದರೆ ಸಾರಜನಕ ಹಾರಿಹೋಗಿ, ಪಕ್ಕದ ಬಂಧ ಸ್ಥಳ ಬದಲಿಸಿ, ಉಂಗುರ ಒಂದು ಇಂಗಾಲದಷ್ಟು ಕುಗ್ಗುತ್ತದೆ. ಇದು ವುಲ್ಫ್ ಮರುಜೋಡಣೆ. 1960ರ ದಶಕದ ರಸಾಯನಶಾಸ್ತ್ರಜ್ಞರು ಸ್ಟಿರಾಯ್ಡ್‌ಗಳ ಐದು ಇಂಗಾಲದ ಉಂಗುರವನ್ನು ನಾಲ್ಕಕ್ಕೆ ಇಳಿಸಲು ಫಾರ್ಸ್ಟರ್ ಕ್ರಿಯೆಯನ್ನು ಮೊದಲ ಮೆಟ್ಟಿಲಾಗಿ ಬಳಸಿದರು. ಬೆಳಕು ಬಿದ್ದಾಗ ಇದೇ ರೀತಿ ಮರುಜೋಡಣೆಯಾಗುವ ಡೈಅಜೋ ಸಂಯುಕ್ತಗಳ ಲೇಪನವೇ ಕಂಪ್ಯೂಟರ್ ಚಿಪ್‌ಗಳ ಮೇಲೆ ನಕ್ಷೆ ಮೂಡಿಸಲು ದಶಕಗಳ ಕಾಲ ಆಧಾರವಾಗಿತ್ತು.

ಆ 1915ರ ಪ್ರಬಂಧ ಪ್ರಕಟವಾಗುವ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಗಿತ್ತು. ಬ್ರಿಟನ್ನಿನ ಬಟ್ಟೆ ಗಿರಣಿಗಳು ಬಣ್ಣಕ್ಕೆ ಜರ್ಮನಿಯನ್ನೇ ನಂಬಿದ್ದವು. ಯುದ್ಧ ಬಂದದ್ದೇ ಬಣ್ಣ ನಿಂತಿತು. 1915ರಲ್ಲಿ ಬ್ರಿಟಿಷ್ ಡೈಸ್ ಎಂಬ ಕಂಪನಿ ಎದ್ದಿತು, ಫಾರ್ಸ್ಟರ್ ಅದರ ನಿರ್ದೇಶಕರಲ್ಲಿ ಒಬ್ಬರಾಗಿ 1918ರವರೆಗೆ ಇದ್ದರು. ಆಮೇಲೆ ಬೆಂಗಳೂರಿಗೆ ಬರುವ ತನಕ ಲಂಡನ್ನಿನ ಸಾಲ್ಟರ್ಸ್ ಕೈಗಾರಿಕಾ ರಸಾಯನಶಾಸ್ತ್ರ ಸಂಸ್ಥೆಯನ್ನು ನಡೆಸಿದರು.

ಅದೇ ಯುದ್ಧ ಅದೇ ಕಾರಣಕ್ಕೆ ಮೈಸೂರು ಸಂಸ್ಥಾನಕ್ಕೂ ಪೆಟ್ಟು ಕೊಟ್ಟಿತು. ಸಂಸ್ಥಾನದ ಕಾಡುಗಳ ಶ್ರೀಗಂಧ ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಕೊಳ್ಳುವವರೇ ಇಲ್ಲವಾದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. ಕೈಗಾರಿಕೆ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್ ವಿಜ್ಞಾನ ಸಂಸ್ಥೆಯ ಮೊರೆ ಹೋದರು. ಅಲ್ಲಿ ಎಣ್ಣೆ ಇಳಿಸುವ ಕ್ರಮವನ್ನು ರೂಪಿಸಿದವರು ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜೆ.ಜೆ. ಸಡ್‌ಬರೊ ಮತ್ತು ಎಚ್.ಇ. ವಾಟ್ಸನ್. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಎಚ್.ಡಿ. ಕೋಟೆ ಕಡೆಗೆ ಹೋಗುವ ಮಾನಂದವಾಡಿ ರಸ್ತೆಯಲ್ಲಿ ಮೈಸೂರಿನ ಆ ಕಾರ್ಖಾನೆ ಇದೆ. ಇದೇ ಸಡ್‌ಬರೊ 1894ರಲ್ಲಿ ವಿಕ್ಟರ್ ಮೇಯರ್ ಜೊತೆ ಸೇರಿ, ಬೆಂಜೋಯಿಕ್ ಆಮ್ಲದ ಕಾರ್ಬಾಕ್ಸಿಲ್‌ನ ಎರಡೂ ಪಕ್ಕಗಳಲ್ಲಿ ಗುಂಪುಗಳು ಕೂತರೆ ಎಸ್ಟರ್ ಆಗುವುದು ಕಷ್ಟ ಎಂದು ತೋರಿಸಿದವರು. ಪದವಿ ಪಠ್ಯದಲ್ಲಿ ಬರುವ ತ್ರಿವಿಮ ಅಡಚಣೆಯ ಪಾಠದ ಮೂಲ ಅಲ್ಲಿದೆ. ಆ ಪಾಠ ಬರೆದ ಕೈಯೇ ಮೈಸೂರು ಗಂಧದೆಣ್ಣೆಯ ಹಿಂದೆಯೂ ಇತ್ತು ಎಂದು ತಿಳಿಸದೆ ಅದನ್ನು ಕಲಿಸುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ.

1922ರಲ್ಲಿ ಫಾರ್ಸ್ಟರ್ ಬಂದಾಗ ಸಂಸ್ಥೆಯ ತರಗತಿಗಳು ಶುರುವಾಗಿ ಹನ್ನೊಂದು ವರ್ಷವಾಗಿತ್ತು. ಅವರ ಕಾಲದಲ್ಲಿ ಸಂಸ್ಥೆಯ ಹೆಚ್ಚಿನ ಶಕ್ತಿ ರಸಾಯನಶಾಸ್ತ್ರಕ್ಕೇ ಮೀಸಲಾಗಿತ್ತು. ಭೌತಶಾಸ್ತ್ರ ವಿಭಾಗ ಬಂದದ್ದು ಅವರ ನಂತರ, ರಾಮನ್ ಜೊತೆ. ಸಡ್‌ಬರೊ ನಿವೃತ್ತರಾದಾಗ 1925ರಲ್ಲಿ ಆ ಪೀಠಕ್ಕೆ ಜೆ.ಎಲ್. ಸೈಮನ್ಸನ್ ಬಂದು 1928ರವರೆಗೆ ಇದ್ದರು. ಭಾರತದ ಚೀರ್ ಮರದ ಟರ್ಪೆಂಟೈನಿನಲ್ಲಿ ಕ್ಯಾರೀನ್ ಎಂಬ ಟರ್ಪೀನನ್ನು ಕಂಡುಹಿಡಿದವರು ಇವರು. 1914ರಲ್ಲಿ ಇಂಡಿಯನ್ ಸೈನ್ಸ್ ಕಾಂಗ್ರೆಸ್ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರೂ ಇವರೇ. ಆ ಕಾಂಗ್ರೆಸ್ಸಿನ 1925ರ ಕಾಶಿ ಅಧಿವೇಶನಕ್ಕೆ ಫಾರ್ಸ್ಟರ್ ಅಧ್ಯಕ್ಷರಾಗಿದ್ದರು. ಗಂಧದೆಣ್ಣೆಯ ತೊಂಬತ್ತು ಭಾಗದಷ್ಟಿರುವ ಸ್ಯಾಂಟಲಾಲ್‌ಗಳ ರಚನೆ 1930ರ ದಶಕದ ನಡುವೆ ಬಯಲಾಯಿತು. ಅದರಲ್ಲಿ ಬ್ರಿಟನ್ನಿಗೆ ಮರಳಿದ್ದ ಸೈಮನ್ಸನ್ನರ ಪಾಲೂ ಇದೆ. ಆಲ್ಫಾ ಸ್ಯಾಂಟಲಾಲನ್ನು ಅದರ ದ್ವಿಬಂಧದ ಸರಿಯಾದ ದಿಕ್ಕಿನೊಂದಿಗೇ ಕೂಡಿಸುವ ಸಂಶ್ಲೇಷಣೆ ಹಾರ್ವರ್ಡ್‌ನ ಇ.ಜೆ. ಕೋರಿ ಅವರ ಬಳಗದಿಂದ ಬಂದದ್ದು 1970ರಲ್ಲಿ.

ಫಾರ್ಸ್ಟರ್ ಕಾಲದ ಇನ್ನೊಂದು ಕೆಲಸ ಈ ಸೀಮೆಗೆ ನೇರವಾಗಿ ಸಂಬಂಧಿಸಿದ್ದು. ಪಿರಿಯಾಪಟ್ಟಣದ ಪಕ್ಕದ ಕೊಡಗಿನಲ್ಲಿ 1899ರಲ್ಲಿ ಮೊದಲು ಗಮನಕ್ಕೆ ಬಂದ ಗಂಧದ ಮರದ 'ಸ್ಪೈಕ್' ರೋಗ ಸಂಸ್ಥಾನದ ಕಾಡುಗಳಿಗೂ ಹಬ್ಬಿತು. ಎಲೆ ಕಿರಿದಾಗಿ, ಗೊಂಚಲಾಗಿ, ಮರ ಒಣಗುತ್ತದೆ. 1920ರ ದಶಕದ ಕೊನೆಯಲ್ಲಿ ವಿಜ್ಞಾನ ಸಂಸ್ಥೆಯ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು ಇದನ್ನು ಬೆನ್ನಟ್ಟಿ ಪ್ರಬಂಧಗಳ ಸರಣಿಯನ್ನೇ ಹೊರತಂದರು. ರೋಗಕ್ಕೆ ಕಾರಣ ಕೋಶಭಿತ್ತಿಯಿಲ್ಲದ, ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದು 1969ರಲ್ಲಿ.

1933ರಲ್ಲಿ ನೈಟ್ ಪದವಿ ಪಡೆದು ನಿವೃತ್ತರಾದ ಫಾರ್ಸ್ಟರ್ ಇಂಗ್ಲೆಂಡಿಗೆ ಹಿಂದಿರುಗದೆ ಮೈಸೂರಿನಲ್ಲೇ ನೆಲೆಸಿದರು. ಹನ್ನೆರಡು ವರ್ಷ ಬದುಕಿ 1945ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡರು. ನಿರ್ದೇಶಕರಾಗಿ ಅವರ ಆಡಳಿತವನ್ನು ಹೇಗಾದರೂ ಅಳೆಯಲಿ, ವಿಜ್ಞಾನಿಯಾಗಿ ಅವರ ಹೆಸರು ನಿಂತಿರುವುದು ಲಂಡನ್ನಿನಲ್ಲಿ ಬರೆದ ಪ್ರಬಂಧಗಳ ಮೇಲೆ.

ಆ ಪ್ರಬಂಧಗಳ ಅಜೈಡ್ ಎಂಬ ಸಣ್ಣ ಗುಂಪು ಅವರ ಮರಣಾನಂತರ ಬೆಳೆದ ಬಗೆ ವಿಸ್ಮಯದ್ದು. 1964ರಲ್ಲಿ ಅಮೆರಿಕದ ಜೆರೋಮ್ ಹಾರ್ವಿಟ್ಜ್ ಕ್ಯಾನ್ಸರ್‌ಗೆಂದು ಸಂಶ್ಲೇಷಿಸಿ ಕೈಬಿಟ್ಟ ಒಂದು ಅಜೈಡ್ ಸಂಯುಕ್ತ, 1987ರಲ್ಲಿ ಎಚ್‌ಐವಿ ವಿರುದ್ಧ ಅನುಮೋದನೆ ಪಡೆದ ಮೊದಲ ಔಷಧಿಯಾಯಿತು, ಅದೇ ಜಿಡೊವುಡಿನ್. ಅಜೈಡ್ ಮತ್ತು ಆಲ್ಕೈನ್ ಗುಂಪುಗಳು ತಾಮ್ರದ ಸಮ್ಮುಖದಲ್ಲಿ ಕೊಠಡಿಯ ಉಷ್ಣತೆಯಲ್ಲೇ, ನೀರಿನಲ್ಲೂ ಚಕ್ಕನೆ ಕೂಡುತ್ತವೆಂದು 2002ರಲ್ಲಿ ಡೆನ್ಮಾರ್ಕ್‌ನ ಮಾರ್ಟೆನ್ ಮೆಲ್ಡಾಲ್ ಮತ್ತು ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ ಪ್ರತ್ಯೇಕವಾಗಿ ತೋರಿಸಿದರು. ತಾಮ್ರವೇ ಇಲ್ಲದೆ ಜೀವಂತ ಕೋಶದಲ್ಲಿ ಅದನ್ನು ಸಾಧಿಸಿದವರು ಕ್ಯಾರೊಲಿನ್ ಬರ್ಟೊಜ್ಜಿ. ಮೂವರಿಗೂ 2022ರ ನೊಬೆಲ್ ಬಂತು. ಅಪಾಯಕಾರಿ ಎಂದು ಬದಿಗಿಟ್ಟಿದ್ದ ಗುಂಪನ್ನು ಪಳಗಿಸಬಹುದೆಂದು ತೋರಿಸಿದ ಮೊದಲಿಗರ ಸಾಲಿನಲ್ಲಿ ಫಾರ್ಸ್ಟರ್ ಇದ್ದಾರೆ.

ಹುಣಸೂರು ಸೀಮೆಯಲ್ಲಿ ಸಂಶ್ಲೇಷಣೆಗೆ ಕಚ್ಚಾ ವಸ್ತುವಿನ ಕೊರತೆಯಿಲ್ಲ. ಗಂಧದ ಮಾತು ಆಗಲೇ ಬಂದಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಗಳಿಗೆ ಬರುವ ಹೊಗೆಸೊಪ್ಪಿನಲ್ಲಿ ನಿಕೋಟಿನ್ ಅಷ್ಟೇ ಇರುವುದಲ್ಲ. ನಲವತ್ತೈದು ಇಂಗಾಲಗಳ ಸೊಲನೆಸಾಲ್ ಎಂಬ ಆಲ್ಕೊಹಾಲ್ ಕೂಡ ಇದೆ. 1956ರಲ್ಲಿ ಹೊಗೆಸೊಪ್ಪಿನಿಂದಲೇ ಮೊದಲು ಬೇರ್ಪಡಿಸಿದ ಇದು ಐದು ಇಂಗಾಲಗಳ ಒಂಬತ್ತು ತುಣುಕುಗಳ ಸರಪಳಿ. ಅದಕ್ಕೆ ಹತ್ತನೆಯ ತುಣುಕನ್ನೂ ಒಂದು ಕ್ವಿನೋನ್ ಉಂಗುರವನ್ನೂ ಜೋಡಿಸಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಕೋಎಂಜೈಮ್ ಕ್ಯು10 ಸಿದ್ಧವಾಗುತ್ತದೆ. ಸೇದುವುದರಿಂದ ಜನರ ಆರೋಗ್ಯ ಕೆಡಿಸುವ ಬೆಳೆಯ ಎಲೆಯಲ್ಲಿ ಔಷಧಿಗೆ ಬೇಕಾದ ಅಣುವೂ ಇದೆ ಎಂಬುದು ಬೆಳೆಗಾರರ ಮನೆಯಿಂದ ಬಂದ ವಿದ್ಯಾರ್ಥಿಗೆ ತಿಳಿದಿರಲೇಬೇಕಾದ ಸಂಗತಿ.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ. ಟರ್ಪೀನ್‌ಗಳ ಪಾಠ ಬಂದಾಗ ಗಂಧದೆಣ್ಣೆ ಕಾರ್ಖಾನೆಗೆ ಅನುಮತಿ ಪಡೆದು ಮಕ್ಕಳನ್ನು ಕರೆದೊಯ್ಯಿರಿ; ತ್ರಿವಿಮ ಅಡಚಣೆಯ ಪಾಠಕ್ಕೆ ಸಡ್‌ಬರೊ ಹೆಸರನ್ನೂ, ಡೈಅಜೋ ಮತ್ತು ಅಜೈಡ್ ಪಾಠಕ್ಕೆ ಫಾರ್ಸ್ಟರ್ ಹೆಸರನ್ನೂ ಸೇರಿಸಿರಿ; ಕರ್ಪೂರದ ಬೋರೋಹೈಡ್ರೈಡ್ ಪ್ರಯೋಗವನ್ನು ಈ ವರ್ಷವೇ ಮಾಡಿಸಿರಿ. ವಿದ್ಯಾರ್ಥಿಗಳು ಹೆಸರಿನ ಕ್ರಿಯೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆಯುವ ಬದಲು, ಒಂದೊಂದು ಕ್ರಿಯೆಯನ್ನೂ ಯಾರು, ಯಾವ ವಸ್ತುವಿನ ಮೇಲೆ, ಏಕೆ ನಡೆಸಿದರೆಂದು ಕೇಳಿ ತಿಳಿಯಲಿ. ಎಂ.ಎಸ್ಸಿಗೆ ಮೈಸೂರಿಗೋ ಬೆಂಗಳೂರಿಗೋ ಹೋಗುವವರು ಫಾರ್ಸ್ಟರ್ ಅವರ 1908 ಮತ್ತು 1915ರ ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ಕೇಳಿ ತೆಗೆಸಿ ಓದಲಿ.

ಇತಿ,
ರಸಾಯನಶಾಸ್ತ್ರದ ಒಬ್ಬ ಹಿತೈಷಿ
ಹುಣಸೂರು